ಕಿರ್ದಿ ಪುಸ್ತಕದಲ್ಲಿ ಉಳಿದ ಪತ್ರಿಕೆ

ಕಳೆದ ಡಿಸೆಂಬರಿನಲ್ಲಿ ಅಣ್ಣನ ಮಗಳು ಅಮೆರಿಕದಿಂದ ಬಂದಿದ್ದಳು. ಹುತ್ತರಿ ಆಗಲೇ ಕಳೆದಿತ್ತು. ಬಾಗಿಲ ಮೇಲೆ ಕಟ್ಟಿದ್ದ ಕದಿರು ಒಣಗಿ, ಯಾರಾದರೂ ಬಾಗಿಲನ್ನು ಜೋರಾಗಿ ಹಾಕಿದರೆ ನಾಲ್ಕು ಕಾಳು ಭತ್ತ ಉದುರುತ್ತಿತ್ತು. ತೋಟದಲ್ಲಿ ಓಡಾಡಲು ನನಗೊಂದು ಜೊತೆ ಬೂಟು ತಂದಿದ್ದಳು. ಆಕಾರ ಕೆಡದಿರಲೆಂದು ಬೂಟಿನ ಹೊಟ್ಟೆಗೆ ಪತ್ರಿಕೆಯ ಹಾಳೆಗಳನ್ನು ತುರುಕಿದ್ದಳು. ನಾನು ಬೂಟನ್ನು ಪಕ್ಕಕ್ಕಿಟ್ಟು, ಹಾಳೆಗಳನ್ನು ಬಿಡಿಸಿ, ತೊಡೆಯ ಮೇಲೆ ಹಾಕಿ ನೀವಿ ಓದಲು ಕುಳಿತೆ. "ಮೊದಲು ಬೂಟು ಕಾಲಿಗೆ ಹಿಡಿಯುತ್ತದೆಯೇ ನೋಡಿ" ಎಂದಳು ಹೆಂಡತಿ. ಕಾಲು ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ.

ಯಾವ ಪತ್ರಿಕೆ ಕೈಗೆ ಸಿಕ್ಕರೂ ನಾನು ಮೊದಲು ಜಾಹೀರಾತು ನೋಡುವವನು. ಯಾರು ದುಡ್ಡು ಕೊಟ್ಟಿದ್ದಾರೆ ಎಂಬುದು ಗೊತ್ತಾದ ಮೇಲೆ ಸುದ್ದಿಗೆ ಬರುತ್ತೇನೆ. ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಕೂತೆದ್ದ ಅಭ್ಯಾಸ ಇರಬಹುದು ಎಂದು ಮನೆಯಲ್ಲಿ ಹೇಳುತ್ತಾರೆ. ಅದಕ್ಕಿಂತ ಹಳೆಯ ಕಾರಣವೊಂದಿದೆ, ಅದನ್ನು ಹೇಳಲಿಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಬೂಟಿನಿಂದ ಬಂದ ಹಾಳೆಗಳಲ್ಲಿ ಬಾಡಿಗೆ ಮನೆಗಳ ಜಾಹೀರಾತಿತ್ತು, ಊಟದ ಜಾಗಗಳ ಜಾಹೀರಾತಿತ್ತು. ಸುದ್ದಿಯೆಲ್ಲ ವಿಶ್ವವಿದ್ಯಾಲಯದ್ದು. ಆಡಳಿತವನ್ನು ಬಯ್ದ ಒಂದು ಬರಹ ಮಡಿಕೆಯಲ್ಲಿ ಅರ್ಧ ಹರಿದಿತ್ತು. "ಇದು ಯಾರ ಪತ್ರಿಕೆ?" ಎಂದು ಕೇಳಿದೆ.

"ನಮ್ಮ ಕ್ಯಾಂಪಸ್ಸಿನ ವಿದ್ಯಾರ್ಥಿಗಳದು, ಚಿಕ್ಕಪ್ಪ. ಡೈಲಿ ಕ್ಯಾಲಿಫೋರ್ನಿಯನ್ ಅಂತ. ಸ್ಟ್ಯಾಂಡಿನಲ್ಲಿ ಇಟ್ಟಿರುತ್ತಾರೆ, ಪುಕ್ಕಟೆ."

"ವಿಶ್ವವಿದ್ಯಾಲಯ ದುಡ್ಡು ಕೊಡುತ್ತದೆಯೇ?"

"ಇಲ್ಲ. ಅದು ಬೇರೆ ಕಂಪನಿ. ವಿದ್ಯಾರ್ಥಿಗಳದೇ."

ನನಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಅಟ್ಟದ ಮೇಲಿನ ಟ್ರಂಕ್ ಇಳಿಸಿದೆ. ಅದರ ತಳದಲ್ಲಿ ನೂರು ಪುಟದ ಒಂದು ನೋಟ್ ಪುಸ್ತಕವಿದೆ. ಮೇಲೆ ನನ್ನದೇ ಅಕ್ಷರದಲ್ಲಿ "ಕಿರ್ದಿ, 1984" ಎಂದಿದೆ. ನಾವು ಕೆಲವರು ಓದುವಾಗ ನಡೆಸಿದ ಪತ್ರಿಕೆಯ ಜಮಾ ಖರ್ಚು ಅದು. ನಾನು ಅದರ ಸಂಪಾದಕನಲ್ಲ, ಲೇಖಕನಂತೂ ಅಲ್ಲವೇ ಅಲ್ಲ. ಲೆಕ್ಕ ಇಡುತ್ತಿದ್ದವನು.

ಲೆಕ್ಕ ನಮ್ಮ ಮನೆಯ ಕಸುಬು. ಅಪ್ಪ ಸುಂಟಿಕೊಪ್ಪದ ಹತ್ತಿರದ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಹೊರಗಿನವರಿಗೆ ಈ ಮಾತು ಮೋಸ ಮಾಡುತ್ತದೆ. ಬಯಲುಸೀಮೆಯ ಒಬ್ಬ ನೆಂಟರು ಅಪ್ಪನನ್ನು ಸಾಹಿತಿಯೆಂದು ತಿಳಿದು ಒಂದು ಕವಿತೆಯನ್ನು ತಿದ್ದಿಕೊಡಲು ಕಳಿಸಿದ್ದರು. ಕೊಡಗಿನ ತೋಟದಲ್ಲಿ ರೈಟರ್ ಎಂದರೆ ಚೆಕ್‌ರೋಲ್ ಬರೆಯುವವನು: ಯಾವ ಆಳು ಎಷ್ಟು ದಿನ ಬಂದ, ಕಸಿಗೆ ಎಷ್ಟು ಜನ, ಕುಯ್ಲಿಗೆ ಎಷ್ಟು ಜನ, ಬಟವಾಡೆಯ ದಿನ ಯಾರಿಗೆ ಎಷ್ಟು. ಅಪ್ಪ ಜೀವಮಾನವಿಡೀ ಬರೆದದ್ದು ಅದೊಂದೇ. ಅದರಲ್ಲಿ ಒಂದು ಅಕ್ಷರ ಹೊಡೆದುಹಾಕಿದ್ದು ನಾನು ಕಂಡಿಲ್ಲ.

ಕಾಲೇಜಿನ ಹೆಸರು ಬೇಡ. ಜಿಲ್ಲೆಯ ಒಂದು ಕಾಲೇಜು ಎಂದಿಟ್ಟುಕೊಳ್ಳಿ. ಮಂಗಳೂರು ವಿಶ್ವವಿದ್ಯಾಲಯ 1980ರಲ್ಲಿ ಹುಟ್ಟಿದಾಗ ಮೈಸೂರಿನ ಕೈಯಿಂದ ಕೊಡಗಿನ ಕಾಲೇಜುಗಳೂ ಅದರ ತೆಕ್ಕೆಗೆ ಹೋದವು. ನಾವು ಸೇರುವಾಗ ಎಲ್ಲವೂ ಹೊಸದು. ಅಂಕಪಟ್ಟಿಯಲ್ಲಿ ಒಂದು ಅಕ್ಷರ ತಪ್ಪಿದರೆ ಘಟ್ಟ ಇಳಿದು ಕೊಣಾಜೆಗೆ ಹೋಗಬೇಕು. ಕಾಲೇಜಿನಲ್ಲಿ ವರ್ಷಕ್ಕೊಂದು ಸಂಚಿಕೆ ಬರುತ್ತಿತ್ತು. ಶುಲ್ಕದ ರಶೀದಿಯಲ್ಲಿ ಅದಕ್ಕೆಂದೇ ಒಂದು ಸಾಲು ಇರುತ್ತಿತ್ತು, ಅಂದರೆ ದುಡ್ಡು ನಮ್ಮದೇ. ಆದರೆ ಮೊದಲ ಎಂಟು ಪುಟ ವರದಿ ಮತ್ತು ಭಾವಚಿತ್ರ, ಆಮೇಲೆ ಹೂವಿನ ಮೇಲೆ ಕವಿತೆ, ಕಾವೇರಿಯ ಮೇಲೆ ಪ್ರಬಂಧ. ನಮ್ಮ ಗೆಳೆಯನೊಬ್ಬ ಬಸ್ ಪಾಸಿನ ತೊಂದರೆಯ ಬಗ್ಗೆ ಬರೆದುಕೊಟ್ಟಿದ್ದ. ಅಚ್ಚಾಗುವಾಗ ಅದು "ಬಸ್ ಪ್ರಯಾಣದ ರಸನಿಮಿಷಗಳು" ಆಗಿತ್ತು. ಅವನು ಆ ಸಂಚಿಕೆಯನ್ನು ಕ್ಯಾಂಟೀನಿನ ಮೇಜಿನ ಮೇಲೆ ಎಸೆದು, "ನಮ್ಮದೇ ಒಂದು ಮಾಡೋಣ" ಎಂದ. ಅವನೇ ಸಂಪಾದಕನಾದ.

ಮೊದಲ ಮೂರು ಸಂಚಿಕೆ ಕಾಲೇಜಿನ ಯಂತ್ರದಲ್ಲೇ ಆದವು. ಪ್ರಶ್ನೆಪತ್ರಿಕೆ ತೆಗೆಯುತ್ತಿದ್ದ ಸೈಕ್ಲೋಸ್ಟೈಲ್ ಯಂತ್ರವನ್ನು ಶನಿವಾರ ಮಧ್ಯಾಹ್ನ ಕೊಡುತ್ತಿದ್ದರು. ಕಾಗದವೂ ಅವರದೇ. ಷರತ್ತು ಒಂದೇ, ಅಚ್ಚಿಗೆ ಮೊದಲು ಒಬ್ಬ ಅಧ್ಯಾಪಕರು ನೋಡಬೇಕು. ಕಿರ್ದಿಯ ಮೊದಲ ಪುಟ ಹಾಗಾಗಿ ಬಹಳ ಚೊಕ್ಕ: ಜಮಾ ಇಲ್ಲ, ಖರ್ಚು ಇಲ್ಲ, ಬಾಕಿ ಇಲ್ಲ. ನಾನು ಬಿ.ಕಾಂ. ವಿದ್ಯಾರ್ಥಿ. ಇಂಥ ಖಾತೆ ನೋಡಿ ಖುಷಿಪಟ್ಟಿದ್ದೆ. ಈಗ ಅದೇ ಪುಟ ನೋಡಿದರೆ ಮೈ ಉರಿಯುತ್ತದೆ.

ಮೂರನೆಯ ಸಂಚಿಕೆಯಲ್ಲಿ ವಾಚನಾಲಯದ ಬಗ್ಗೆ ಆರು ಸಾಲು ಇತ್ತು. ಅದು ಮುಚ್ಚುವ ಹೊತ್ತು ನಾಲ್ಕು, ಕೊನೆಯ ತರಗತಿ ಬಿಡುವ ಹೊತ್ತೂ ನಾಲ್ಕು. ಇಷ್ಟೇ. ಆ ಆರು ಸಾಲು ತೆಗೆಯಿರಿ ಎಂದರು. ತೆಗೆದೆವು. ಆದರೆ ಸ್ಟೆನ್ಸಿಲ್, ಅಂದರೆ ಅಚ್ಚು ತೆಗೆಯುವ ಮೇಣದ ಹಾಳೆ, ಆಗಲೇ ಕೊರೆದಾಗಿತ್ತು. ಕೊರೆದ ಸಾಲುಗಳ ಮೇಲೆ ತಿದ್ದುವ ದ್ರವ ಬಳಿದದ್ದರಿಂದ ಅಚ್ಚಿನಲ್ಲಿ ಆ ಜಾಗ ಬೋಳಾಗಿ ಬಂತು. ಸೋಮವಾರ ಇಡೀ ಕಾಲೇಜು ಆ ಬೋಳು ಜಾಗವನ್ನೇ ಓದಿತು. ಮಂಗಳವಾರ ಯಂತ್ರದ ಕೋಣೆಗೆ ಬೀಗ ಬಿತ್ತು. ಜೊತೆಗೆ, ಪತ್ರಿಕೆಯ ಹೆಸರಿನಲ್ಲಿ ಕಾಲೇಜಿನ ಹೆಸರು ಬಳಸಕೂಡದು ಎಂಬ ಸೂಚನೆ. ನಮ್ಮ ಹೆಸರಿನ ಮೊದಲರ್ಧ ಕಾಲೇಜಿನದೇ ಆಗಿತ್ತು. ಅದನ್ನು ಕತ್ತರಿಸಿದಾಗ ಬಾಲ ಮಾತ್ರ ಉಳಿಯಿತು. ಆ ಬಾಲದ ಹೆಸರಿನಲ್ಲೇ ಎಂಟು ಸಂಚಿಕೆ ಹೊರಟವು.

ಈಗ ಬರ್ಕ್ಲಿಗೆ ಬರುತ್ತೇನೆ. ಅಣ್ಣನ ಮಗಳು ಹೇಳಿದ ಕ್ಯಾಂಪಸ್ಸು, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ್ದು, ಇರುವ ಊರು ಅದು. ಬೂಟಿನ ಹಾಳೆ ಸಿಕ್ಕ ಮೇಲೆ ಅಣ್ಣನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ದಿನ ಅದರ ಚರಿತ್ರೆ ಓದಿದೆ. ಆ ವಿಶ್ವವಿದ್ಯಾಲಯ ಆರಂಭವಾದದ್ದು 1868ರಲ್ಲಿ, ಪತ್ರಿಕೆ 1871ರಲ್ಲಿ. ದಿನಪತ್ರಿಕೆಯಾದದ್ದು 1897ರಲ್ಲಿ. ಬೇರೆ ಕಡೆಯೂ ಇಂಥವು ಹಳೆಯವೇ: ಹಾರ್ವರ್ಡಿನ ಕ್ರಿಮ್ಸನ್ 1873ರದು, ಕಾರ್ನೆಲ್‌ನ ಸನ್ 1880ರದು. ಬರ್ಕ್ಲಿಯ ಪತ್ರಿಕೆ ಸರಿಯಾಗಿ ನೂರು ವರ್ಷ ಪರರ ಮನೆಯ ಅನ್ನ ಉಂಡು, 1971ರಲ್ಲಿ ಬೇರೆ ಒಲೆ ಹೂಡಿತು. ಕಾರಣ ಒಂದು ಸಂಪಾದಕೀಯ.

ವಿಶ್ವವಿದ್ಯಾಲಯದ ಒಂದು ಖಾಲಿ ಜಾಗದಲ್ಲಿ 1969ರ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳೂ ಊರವರೂ ಸೇರಿ ಗಿಡ ನೆಟ್ಟು ಉದ್ಯಾನ ಮಾಡಿದ್ದರು. ಪೀಪಲ್ಸ್ ಪಾರ್ಕ್ ಎಂದು ಅದರ ಹೆಸರು. ಮೇ 15ರಂದು ಆಡಳಿತ ಬೇಲಿ ಹಾಕಿಸಿತು. ಪ್ರತಿಭಟನೆಯಲ್ಲಿ ಪೊಲೀಸರು ಗುಂಡು ಹಾರಿಸಿದರು. ಗಾಯಗೊಂಡ ಒಬ್ಬ ಯುವಕ ಆಮೇಲೆ ತೀರಿಕೊಂಡ. ಎರಡು ವರ್ಷದ ನಂತರ ಪತ್ರಿಕೆಯು ಪಾರ್ಕನ್ನು ಮರಳಿ ವಶಪಡಿಸಿಕೊಳ್ಳಿರಿ ಎಂಬ ಅರ್ಥದ ಸಂಪಾದಕೀಯ ಬರೆಯಿತು. ಆಡಳಿತ ಮೂವರು ಹಿರಿಯ ಸಂಪಾದಕರನ್ನು ತೆಗೆದುಹಾಕಿತು. ಜಗಳ ಮುಗಿದದ್ದು ಒಪ್ಪಂದದಲ್ಲಿ: ಇನ್ನು ಮುಂದೆ ಹಣವೂ ನಿಮ್ಮದೇ, ಬರಹವೂ ನಿಮ್ಮದೇ. ವಿದ್ಯಾರ್ಥಿಗಳು ತಮ್ಮದೇ ಕಂಪನಿ ಮಾಡಿಕೊಂಡರು.

ನನ್ನ ಕಣ್ಣಿಗೆ ಬಿದ್ದದ್ದು ಆ ಒಪ್ಪಂದದ ಇನ್ನೊಂದು ತುದಿ. "ಡೈಲಿ ಕ್ಯಾಲಿಫೋರ್ನಿಯನ್" ಎಂಬ ಹೆಸರು ಇವತ್ತಿಗೂ ಪತ್ರಿಕೆಯ ಆಸ್ತಿಯಲ್ಲ. ವಿಶ್ವವಿದ್ಯಾಲಯದ ಆಡಳಿತ ನಡೆಸುವ ರೀಜೆಂಟರ ಮಂಡಳಿಯಿಂದ ಪರವಾನಗಿ ಪಡೆದು ಬಳಸುತ್ತಾರೆ. ಇದನ್ನು ಓದಿ ನಾನು ಜೋರಾಗಿ ನಕ್ಕೆ. ಅಣ್ಣನ ಮಗಳಿಗೆ ಯಾಕೆಂದು ತಿಳಿಯಲಿಲ್ಲ. ಬಾಲದ ಕಥೆಯನ್ನು ಹೇಳಿದೆ.

ಯಂತ್ರಕ್ಕೆ ಬೀಗ ಬಿದ್ದ ವಾರ ನಾವೂ ನಮ್ಮ ಕಂಪನಿ ಮಾಡಿಕೊಂಡೆವು. ಬಂಡವಾಳ ನಲವತ್ತು ರೂಪಾಯಿ, ಎಂಟು ಜನರಿಂದ ತಲಾ ಐದು. ಕಿರ್ದಿಯ ಎರಡನೆಯ ಪುಟ ಅಲ್ಲಿಂದ ಶುರುವಾಗುತ್ತದೆ. ಪೇಟೆಯಲ್ಲಿ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು, ಕೆಳಗೆ ದಿನಸಿ ಅಂಗಡಿ, ಮೇಲೆ ಆರು ಟೈಪ್‌ರೈಟರ್. ಅದರ ಯಜಮಾನರ ಬಳಿ ಹಳೆಯ ಸೈಕ್ಲೋಸ್ಟೈಲ್ ಯಂತ್ರವಿತ್ತು, ಕೈಯಲ್ಲಿ ತಿರುಗಿಸುವಂಥದ್ದು. ಒಂದು ಸ್ಟೆನ್ಸಿಲ್ಲಿಗೆ ನಾಲ್ಕು ರೂಪಾಯಿ ಬಾಡಿಗೆ ಎಂದರು. ಬರೆದದ್ದೇನು ಎಂದು ಅವರು ಕೇಳಲಿಲ್ಲ. "ಅಂಗಡಿಗೆ ಬಂದವರು ಏನು ಬೇಯಿಸುತ್ತಾರೆ ಎಂದು ದಿನಸಿಯವನು ಕೇಳುತ್ತಾನೆಯೇ?" ಎನ್ನುತ್ತಿದ್ದರು. ನಾನು ಕಂಡ ಅತ್ಯಂತ ಗಟ್ಟಿ ಪತ್ರಿಕಾ ಸ್ವಾತಂತ್ರ್ಯ ಅದು, ಸ್ಟೆನ್ಸಿಲ್ಲಿಗೆ ನಾಲ್ಕು ರೂಪಾಯಿ ದರದಲ್ಲಿ.

ಪ್ರಸಾರ ಸಂಖ್ಯೆಯನ್ನು ನಿರ್ಧರಿಸಿದ್ದು ಓದುಗರಲ್ಲ, ರೀಮು. ನಮ್ಮ ಅಂಗಡಿಯಲ್ಲಿ ಕ್ವೈರಿಗೆ 24 ಹಾಳೆ, ಇಪ್ಪತ್ತು ಕ್ವೈರಿಗೆ ಒಂದು ರೀಮು, ಅಂದರೆ 480. ನಮ್ಮದು ಎರಡು ಹಾಳೆಯ ನಾಲ್ಕು ಪುಟ. ಹಾಗಾಗಿ 240 ಪ್ರತಿ. ಎರಡನೆಯ ರೀಮು ಕೊಳ್ಳುವ ತಾಕತ್ತು ಕೊನೆಯವರೆಗೂ ಬರಲಿಲ್ಲ. ಪ್ರತಿಗೆ 25 ಪೈಸೆ.

ಕೊಡಗಿನ ಮಳೆಯಲ್ಲಿ 240 ಪ್ರತಿ ತೆಗೆಯುವುದು ಎಂದರೇನು ಎಂಬುದನ್ನು ಬರ್ಕ್ಲಿಯವರು ಅರಿಯರು. ಜುಲೈಯಲ್ಲಿ ನಮ್ಮಲ್ಲಿ ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಬೆಂಕಿಕಡ್ಡಿ ಹತ್ತುವುದಿಲ್ಲ. ಕಾಗದ ನೀರು ಕುಡಿದು ಊದಿಕೊಂಡು ಯಂತ್ರದೊಳಗೆ ಎರಡೆರಡು ಹಾಳೆ ಒಟ್ಟಿಗೆ ಹೋಗುತ್ತವೆ. ಮೇಲಿನದಕ್ಕೆ ಅಚ್ಚು, ಕೆಳಗಿನದು ಬಿಳಿ. ಸಂಪಾದಕನ ಅಜ್ಜಿ ಒಂದು ಉಪಾಯ ಹೇಳಿದರು. ರೀಮನ್ನು ಬಿಚ್ಚಿ, ಅಗ್ಗಿಷ್ಟಿಕೆಯ ಮೇಲೆ ಬಿದಿರಿನ ತಟ್ಟೆಯಿಟ್ಟು, ಮಗುವಿನ ಬಟ್ಟೆ ಒಣಗಿಸುವ ಹಾಗೆ ರಾತ್ರಿಯಿಡೀ ಬೆಚ್ಚಗಿಡುವುದು. ಹಾಗೆ ಮಾಡಿದೆವು. ಕಾಗದ ಒಣಗಿತು, ಜೊತೆಗೆ ಹೊಗೆಯ ವಾಸನೆಯನ್ನೂ ಹೀರಿಕೊಂಡಿತು. ಮಳೆಗಾಲದ ನಮ್ಮ ಸಂಚಿಕೆಗಳನ್ನು ಕಣ್ಣು ಮುಚ್ಚಿ ಮೂಸಿಯೇ ಗುರುತಿಸಬಹುದಿತ್ತು. ಕಿರ್ದಿಯಲ್ಲಿ "ಇದ್ದಲು, 1 ರೂ. 50 ಪೈಸೆ" ಎಂದು ನಾಲ್ಕು ಕಡೆ ಇದೆ. ಜಗತ್ತಿನ ಬೇರೆ ಯಾವ ಪತ್ರಿಕೆಯ ಖರ್ಚಿನಲ್ಲಿ ಇದ್ದಲು ಇದೆಯೋ ನನಗೆ ಅನುಮಾನ.

ಟೈಪ್ ಮಾಡಿದರೆ ಸ್ಟೆನ್ಸಿಲ್ಲಿನಲ್ಲಿ ಕನ್ನಡದ ಸೊನ್ನೆಗಳು ತೂತಾಗಿ ಬಿದ್ದುಹೋಗುತ್ತಿದ್ದವು. ಹಾಗಾಗಿ ಕೈಬರಹವೇ ಗತಿ. ಚಿಂತೆಯೇನಿಲ್ಲ, ಕನ್ನಡದ ಮೊದಲ ಪತ್ರಿಕೆಯಾದ "ಮಂಗಳೂರ ಸಮಾಚಾರ" ಕೂಡ 1843ರಲ್ಲಿ ಹೊರಟದ್ದು ಕಲ್ಲಚ್ಚಿನಲ್ಲಿ. ಅದನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಮುಂದೆ ಕೊಡಗಿಗೇ ಬಂದು ಕೆಲಸ ಮಾಡಿದವರು. ಈ ಮಾತನ್ನು ಸಂಪಾದಕ ಎಲ್ಲ ಕಡೆ ಹೇಳಿಕೊಂಡು ತಿರುಗುತ್ತಿದ್ದ, ಮೋಗ್ಲಿಂಗ್ ನಮ್ಮ ಸೋದರಮಾವನೇನೋ ಎಂಬ ಹಾಗೆ. ನಮ್ಮ ಸ್ಟೆನ್ಸಿಲ್ ಕೊರೆಯುತ್ತಿದ್ದವಳು ವಿರಾಜಪೇಟೆ ಕಡೆಯ ಒಬ್ಬ ಹುಡುಗಿ. ದುಂಡನೆಯ ಅಕ್ಷರ, ಒಂದೇ ಎತ್ತರ, ಒಂದೇ ಓರೆ. ಮೇಣದ ಹಾಳೆಯ ಮೇಲೆ ಲೋಹದ ಮೊನೆಯಿಂದ ಬರೆಯುವಾಗ ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ಕವಿತೆ ಯಾರದೋ, ದೂರು ಯಾರದೋ, ಅಕ್ಷರವೆಲ್ಲ ಅವಳದು. ಇದರ ಫಲವೇನಾಯಿತೆಂದರೆ, ಏನೇ ತಕರಾರು ಬಂದರೂ ಮೊದಲು ಕರೆಸಿ ಕೇಳುತ್ತಿದ್ದದ್ದು ಅವಳನ್ನು. ಅಕ್ಷರವೇ ಸಾಕ್ಷಿಯಲ್ಲವೇ! ಅವಳು ಹೋಗಿ ನಿಂತು, "ನಾನು ಬರೆದದ್ದಲ್ಲ, ಬರೆದುಕೊಟ್ಟದ್ದು" ಎಂದು ಹೇಳಿ ಬರುತ್ತಿದ್ದಳು. ನಾವು ಹುಡುಗರು ಕಾರಿಡಾರಿನ ಕಂಬದ ಹಿಂದೆ ನಿಂತಿರುತ್ತಿದ್ದೆವು. ಧೈರ್ಯದ ಲೆಕ್ಕ ಬರೆಯುವ ಕಿರ್ದಿ ಇದ್ದಿದ್ದರೆ ಆ ಹುಡುಗಿಗೆ ನಾವೆಲ್ಲ ಇವತ್ತಿಗೂ ಬಾಕಿದಾರರು.

ಐದನೆಯ ಸಂಚಿಕೆಯಲ್ಲಿ ಹಾಸ್ಟೆಲಿನ ಅಕ್ಕಿಯ ಬಗ್ಗೆ ಒಂದು ಪತ್ರ ಬಂತು. ಬರೆದವನು ವಿದ್ಯಾರ್ಥಿವೇತನದಲ್ಲಿ ಓದುತ್ತಿದ್ದ ಹುಡುಗ. ಹೆಸರು ಗೊತ್ತಾದರೆ ಅವನ ಕೋಣೆ ಹೋಗುತ್ತಿತ್ತು. ಅಚ್ಚಾದದ್ದು ಎಲ್ಲವೂ ಒಬ್ಬಳದೇ ಅಕ್ಷರವಾದ್ದರಿಂದ, ಬರೆದವನು ಯಾರೆಂದು ತಿಳಿಯಬೇಕಾದರೆ ಮೂಲ ಹಸ್ತಪ್ರತಿ ಸಿಗಬೇಕು. ಅದಕ್ಕಾಗಿ ಹಾಸ್ಟೆಲಿನಲ್ಲಿದ್ದ ಸಂಪಾದಕನ ಪೆಟ್ಟಿಗೆಯನ್ನು ತೆಗೆಸಿ ನೋಡಿದರು. ಸಿಕ್ಕಿದ್ದು ಎರಡು ಅಂಗಿ, ಕಿತ್ತಳೆಹಣ್ಣಿನ ಸಿಪ್ಪೆ ಮತ್ತು ಅರ್ಧ ಬರೆದ ಒಂದು ಪ್ರೇಮಪತ್ರ. ಪ್ರೇಮಪತ್ರವನ್ನು ಮಾತ್ರ ಪೂರ್ತಿ ಓದಿದರಂತೆ.

ಇದನ್ನು ನೆನಪಿಸಿಕೊಂಡದ್ದು ಸ್ಟ್ಯಾನ್‌ಫರ್ಡಿನ ಕಥೆ ಓದುವಾಗ. ಬರ್ಕ್ಲಿಯ ನೆರೆಯ ಪ್ರತಿಸ್ಪರ್ಧಿ ಅದು, ಪತ್ರಿಕೆಯ ಹೆಸರು ಸ್ಟ್ಯಾನ್‌ಫರ್ಡ್ ಡೈಲಿ. 1971ರ ಏಪ್ರಿಲ್‌ನಲ್ಲಿ ಅಲ್ಲಿನ ಆಸ್ಪತ್ರೆಯ ಕಚೇರಿಯಲ್ಲಿ ಧರಣಿ ಕೂತವರಿಗೂ ಪೊಲೀಸರಿಗೂ ಹೊಡೆದಾಟವಾಯಿತು. ಪತ್ರಿಕೆ ಫೋಟೋ ಹಾಕಿತು. ಹೊಡೆದವರ ಗುರುತು ಹಿಡಿಯಲು ಇನ್ನಷ್ಟು ಫೋಟೋ ಇರಬಹುದೆಂದು ಪೊಲೀಸರು ವಾರಂಟ್ ತಂದು ಪತ್ರಿಕೆಯ ಕಚೇರಿಯನ್ನೇ ಜಾಲಾಡಿದರು. ಪತ್ರಿಕೆಯವರ ಮೇಲೆ ಯಾವ ಅಪರಾಧದ ಆರೋಪವೂ ಇರಲಿಲ್ಲ. ವಿದ್ಯಾರ್ಥಿಗಳು ನ್ಯಾಯಾಲಯಕ್ಕೆ ಹೋದರು. ಕೆಳಗಿನ ಎರಡು ಕಡೆ ಗೆದ್ದರು, 1978ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಐದಕ್ಕೆ ಮೂರರಂತೆ ಸೋತರು. ಆದರೆ ಆ ಸೋಲು ಎಬ್ಬಿಸಿದ ಗದ್ದಲದಿಂದಾಗಿ 1980ರಲ್ಲಿ ಅಮೆರಿಕದ ಸಂಸತ್ತು ಪತ್ರಿಕಾ ಕಚೇರಿಗಳನ್ನು ಹಾಗೆ ಶೋಧಿಸುವುದಕ್ಕೆ ಕಡಿವಾಣ ಹಾಕುವ ಕಾನೂನು ಮಾಡಿತು. ಆ ಪತ್ರಿಕೆಯೂ 1973ರಲ್ಲಿ ವಿಶ್ವವಿದ್ಯಾಲಯದಿಂದ ಬೇರೆಯಾಯಿತು.

ನಮ್ಮ ಹಸ್ತಪ್ರತಿ ಎಲ್ಲಿತ್ತು? ನನ್ನ ಹತ್ತಿರ. ನಾನು ಅದನ್ನು ಮನೆಗೆ ಒಯ್ದು, ಜಗತ್ತಿನಲ್ಲಿ ಯಾರೂ ಕೈಹಾಕದ ಜಾಗ ಎಂದು ಅಪ್ಪನ ಚೆಕ್‌ರೋಲ್ ಕಟ್ಟಿನೊಳಗೆ ಸೇರಿಸಿಟ್ಟಿದ್ದೆ. ಮರುದಿನವೇ ಬಟವಾಡೆ ಎಂಬುದು ಮರೆತುಹೋಗಿತ್ತು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಸಾರಿಗೆ ಕೈ ಹಾಕುವ ಮೊದಲು ಕೇಳಿದರು: "ಆ ಹುಡುಗ ಅಕ್ಕಿಯ ಲೆಕ್ಕ ಬರೆದಿದ್ದಾನಲ್ಲ, ನೀನು ಗುಣಿಸಿ ನೋಡಿದ್ದೀಯಾ?"

ನಾನು ನೋಡಿರಲಿಲ್ಲ.

"ಅರವತ್ತು ಜನ. ತಲೆಗೆ ದಿನಕ್ಕೆ ನಾನೂರೈವತ್ತು ಗ್ರಾಂ. ಮೂವತ್ತು ದಿನಕ್ಕೆ ಎಂಟು ಕ್ವಿಂಟಲ್ ಹತ್ತು ಕಿಲೋ. ಅವನು ಒಂಬತ್ತು ಕ್ವಿಂಟಲ್ ಹತ್ತು ಎಂದು ಬರೆದಿದ್ದಾನೆ. ನೀನೇನೋ ಲೆಕ್ಕ ಇಡುವವನಂತೆ."

ಹಾಸ್ಟೆಲಿಗೆ ಬಂದದ್ದು ಆರು ಕ್ವಿಂಟಲ್ ಎಂದು ಪತ್ರದಲ್ಲಿತ್ತು. ತಿದ್ದಿದ ಮೇಲೂ ಎರಡು ಕ್ವಿಂಟಲ್ ಹತ್ತು ಕಿಲೋ ಕೊರತೆ ಉಳಿಯುತ್ತಿತ್ತು. ಅಪ್ಪ ಕೆಂಪು ಪೆನ್ಸಿಲಿನಲ್ಲಿ ಸರಿಮಾಡಿ ಪತ್ರವನ್ನು ಅದೇ ಕಟ್ಟಿನೊಳಗೆ ವಾಪಸು ಇಟ್ಟಿದ್ದರು. ಆರನೆಯ ಸಂಚಿಕೆಯ ಮೊದಲ ಪುಟದಲ್ಲಿ ತಪ್ಪೊಪ್ಪಿಗೆ ಹಾಕಿದೆವು: ಒಂದು ಕ್ವಿಂಟಲ್ ಹೆಚ್ಚು ಹೇಳಿದ್ದೆವು, ಕೊರತೆ ಇಷ್ಟೇ. ಪತ್ರಕ್ಕಿಂತ ಆ ತಪ್ಪೊಪ್ಪಿಗೆ ಹೆಚ್ಚು ಕೆಲಸ ಮಾಡಿತು. ತಪ್ಪನ್ನು ತಾವೇ ಒಪ್ಪಿಕೊಂಡವರ ಉಳಿದ ಲೆಕ್ಕವನ್ನು ಸುಳ್ಳೆನ್ನುವುದು ಕಷ್ಟ. ಮುಂದಿನ ತಿಂಗಳಿನಿಂದ ಅಕ್ಕಿಯ ಮೂಟೆಗಳನ್ನು ಹಾಸ್ಟೆಲಿನ ಜಗಲಿಯಲ್ಲೇ ತೂಗತೊಡಗಿದರು. ಸಾರು ಮಾತ್ರ ಕೊನೆಯವರೆಗೂ ಹಾಗೆಯೇ ಇತ್ತು, ತಳ ಕಾಣುವಷ್ಟು ತಿಳಿ.

ಇಷ್ಟು ಹೊತ್ತಿಗೆ ನಾವು ಯಾರ ಹಂಗಿನಲ್ಲೂ ಇಲ್ಲ ಎಂದು ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದೆವು. ಕಿರ್ದಿ ಬೇರೆಯೇ ಹೇಳುತ್ತಿತ್ತು. ಸಂಚಿಕೆಯೊಂದಕ್ಕೆ ಖರ್ಚು ಎಪ್ಪತ್ತರ ಆಸುಪಾಸು. ಹಾಳಾದ ಹಾಳೆ ಕಳೆದು ಮಾರಾಟದಿಂದ ಐವತ್ತು ಬಂದರೆ ಹೆಚ್ಚು. ನಡುವಿನ ಇಪ್ಪತ್ತು ರೂಪಾಯಿಯ ಹಳ್ಳ ತುಂಬುತ್ತಿದ್ದದ್ದು ಜಾಹೀರಾತು. ಒಂದು ಬಟ್ಟೆ ಅಂಗಡಿ ಐದು ರೂಪಾಯಿ ಕೊಡುತ್ತಿತ್ತು. ಒಬ್ಬ ಹೋಟೆಲಿನವರು ದುಡ್ಡು ಕೊಡದೆ ಎರಡು ಮಸಾಲೆ ದೋಸೆ ಕೊಡುತ್ತಿದ್ದರು. ಅದನ್ನು ಹೇಗೆ ಬರೆಯಬೇಕೆಂದು ತಿಳಿಯದೆ ಜಮಾ ಕಡೆ "ಮ. ದೋಸೆ 2" ಎಂದು ಬರೆದು, ಖರ್ಚಿನ ಕಡೆಯೂ "ಮ. ದೋಸೆ 2" ಎಂದು ಬರೆದಿದ್ದೇನೆ. ಮಿಕ್ಕ ಹದಿನೈದು ರೂಪಾಯಿ ಒಬ್ಬ ಖಾಸಗಿ ಬಸ್ಸಿನ ಮಾಲೀಕರದು.

ಏಳನೆಯ ಸಂಚಿಕೆಯಲ್ಲಿ ಬಸ್ಸಿನ ಬಗ್ಗೆ ಬರೆಯಲೇಬೇಕಾಯಿತು. ಸಂಪಾದಕನ ಮೊದಲ ಹೊಟ್ಟೆಯುರಿಯೇ ಅದು. ಪಾಸು ಹಿಡಿದ ವಿದ್ಯಾರ್ಥಿಗಳನ್ನು ಕಂಡರೆ ಕೆಲವು ಬಸ್ಸುಗಳು ನಿಲ್ಲುತ್ತಿರಲಿಲ್ಲ. ಮಳೆಯಲ್ಲಿ ಕೊಡೆ ಹಿಡಿದು ನಿಂತ ಹುಡುಗಿಯರ ಮೇಲೆ ಕೆಸರು ಹಾರಿಸಿಕೊಂಡು ಹೋಗುತ್ತಿದ್ದವು. ಹೀಗೆ ನಿಲ್ಲಿಸದ ಬಸ್ಸುಗಳಲ್ಲಿ ನಮ್ಮ ಜಾಹೀರಾತುದಾರರದ್ದೂ ಒಂದು. ಎರಡು ಸಂಜೆ ಚರ್ಚೆ ನಡೆಯಿತು. ನಾನು ಬೇಡವೆಂದೆ, ಇದನ್ನು ಮುಚ್ಚಿಡುವುದಿಲ್ಲ. ಆ ಒಂದು ಬಸ್ಸಿನ ಹೆಸರು ಬಿಟ್ಟು ಉಳಿದವನ್ನು ಬರೆಯೋಣ ಎಂದು ವಾದಿಸಿದೆ. ಪ್ರಾಂಶುಪಾಲರು ಆರು ಸಾಲು ತೆಗೆಯಿರಿ ಎಂದಾಗ ಕೂಗಾಡಿದವನೇ ನಾನು, ಈಗ ಹದಿನೈದು ರೂಪಾಯಿಗೆ ಒಂದು ಸಾಲು ತೆಗೆಯಲು ತಯಾರಾಗಿದ್ದೆ. ಸ್ಟೆನ್ಸಿಲ್ ಹುಡುಗಿ ಏನೂ ಮಾತನಾಡದೆ ಆ ಬಸ್ಸಿನ ಹೆಸರನ್ನೇ ಮೊದಲು ಕೊರೆದಳು. ಮೇಣದ ಹಾಳೆಯ ಮೇಲೆ ಕೊರೆದದ್ದನ್ನು ಅಳಿಸಿದರೆ ಬೋಳು ಜಾಗ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಕಿರ್ದಿಯಲ್ಲಿ ಎಂಟನೆಯ ಸಂಚಿಕೆಯ ಎದುರು ಹೀಗಿದೆ: "ಬಸ್ ಜಾಹೀರಾತು 15. ಬಂದಿಲ್ಲ. ಇನ್ನು ಬರುವುದಿಲ್ಲ."

ಬರ್ಕ್ಲಿಯಲ್ಲೂ ಹೀಗೆಯೇ. 1971ರ ನಂತರ ಜಾಹೀರಾತನ್ನು ನೆಚ್ಚಿಕೊಂಡು ಬದುಕಿದ ಪತ್ರಿಕೆ, ಕಾಲ ಬದಲಾಗಿ ಜಾಹೀರಾತು ಕಂಪ್ಯೂಟರಿಗೆ ಓಡಿಹೋದಾಗ ಬಡವಾಯಿತು. 2012ರಲ್ಲಿ ವಿದ್ಯಾರ್ಥಿಗಳ ಮುಂದೆಯೇ ಹೋಗಿ ಮತ ಕೇಳಿತು: ಸೆಮಿಸ್ಟರಿಗೆ ತಲಾ ಎರಡು ಡಾಲರ್ ಕೊಡುತ್ತೀರಾ ಎಂದು. ಮತ ಸಿಕ್ಕಿತು. ಅಣ್ಣನ ಮಗಳಿಗೆ ಇದು ಸ್ವಲ್ಪ ಇರಿಸುಮುರಿಸು. "ಹಾಗಾದರೆ ಮತ್ತೆ ಶುಲ್ಕದ ದುಡ್ಡೇ ಆಯಿತಲ್ಲ, ಚಿಕ್ಕಪ್ಪ?" ಎಂದಳು. ನನಗೆ ಹಾಗನ್ನಿಸುವುದಿಲ್ಲ. ನಮ್ಮ ವಾರ್ಷಿಕ ಸಂಚಿಕೆಗೂ ವಿದ್ಯಾರ್ಥಿಯ ಜೇಬಿನಿಂದಲೇ ದುಡ್ಡು ಹೋಗುತ್ತಿತ್ತು, ಆದರೆ ನಮ್ಮನ್ನು ಯಾರೂ ಕೇಳಿರಲಿಲ್ಲ. ಕೇಳಿ ತೆಗೆದುಕೊಂಡ ಎರಡು ಡಾಲರಿಗೂ ಕೇಳದೆ ತೆಗೆದುಕೊಂಡ ಎರಡು ರೂಪಾಯಿಗೂ ಖಾತೆಯೇ ಬೇರೆ.

ಅವಳಿಗೆ ಇಷ್ಟವಾದ ಕಥೆ ಬೇರೊಂದು. 1982ರ ನವೆಂಬರಿನಲ್ಲಿ ಬರ್ಕ್ಲಿ ಮತ್ತು ಸ್ಟ್ಯಾನ್‌ಫರ್ಡ್ ನಡುವಿನ ಅಮೆರಿಕನ್ ಫುಟ್‌ಬಾಲ್ ಪಂದ್ಯವನ್ನು ಬರ್ಕ್ಲಿ ಕೊನೆಯ ಕ್ಷಣದಲ್ಲಿ, ಬ್ಯಾಂಡಿನವರು ಮೈದಾನಕ್ಕೆ ನುಗ್ಗಿದ ಗೊಂದಲದ ನಡುವೆ, ಗೆದ್ದಿತು. ಕೆಲವೇ ದಿನಗಳಲ್ಲಿ ಸ್ಟ್ಯಾನ್‌ಫರ್ಡ್ ಡೈಲಿಯವರು ಡೈಲಿ ಕ್ಯಾಲಿಫೋರ್ನಿಯನ್‌ನ ಖೋಟಾ ಸಂಚಿಕೆ ಅಚ್ಚುಮಾಡಿ ಬರ್ಕ್ಲಿಯ ತುಂಬ ಹಂಚಿದರು. ತೀರ್ಪು ಬದಲಾಯಿತು, ಪಂದ್ಯ ಸ್ಟ್ಯಾನ್‌ಫರ್ಡಿಗೆ ಎಂದು. ಎಷ್ಟೋ ಜನ ನಂಬಿ ಕೆರಳಿದರಂತೆ. ಬ್ಯಾಂಕಿನಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಚಲಾವಣೆಯಲ್ಲಿರುವ ನೋಟನ್ನು ಮಾತ್ರ ಖೋಟಾ ಮಾಡುತ್ತಾರೆ.

ನಮ್ಮದನ್ನು ಯಾರೂ ಖೋಟಾ ಮಾಡಲಿಲ್ಲ. ಹನ್ನೊಂದು ಸಂಚಿಕೆಗೆ ನಿಂತಿತು, 1986ರ ಫೆಬ್ರುವರಿಯಲ್ಲಿ. ಯಾರೂ ನಿಲ್ಲಿಸಿದ್ದಲ್ಲ. ಪರೀಕ್ಷೆ ಬಂತು, ಅದೇ ಹೊತ್ತಿಗೆ ಕಾಫಿ ಕುಯ್ಲು ಬಂತು, ಸಂಪಾದಕನ ಅಪ್ಪನಿಗೆ ಕಾಯಿಲೆ ಬಂತು. ಮುಂದಿನ ತರಗತಿಯವರಿಗೆ ಕಿರ್ದಿ ಒಪ್ಪಿಸಲು ಹೋದೆ. ಬಾಕಿಯ ಅಂಕಣ ನೋಡಿ, ಯೋಚಿಸಿ ಹೇಳುತ್ತೇವೆ ಎಂದರು. ಟೈಪಿಂಗ್ ಯಜಮಾನರಿಗೆ ಮೂವತ್ತೆಂಟು ರೂಪಾಯಿ ಕೊಡುವುದಿತ್ತು. ಕೆಲಸ ಸಿಕ್ಕ ಮೇಲೆ ಕೊಡಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ. ಹಾಳಾದ ಹಾಳೆಗಳನ್ನೆಲ್ಲ ನಾವು ಅಲ್ಲೇ ಬಿಟ್ಟುಹೋಗುತ್ತಿದ್ದೆವಲ್ಲ, ಅವುಗಳ ಖಾಲಿ ಬದಿಯಲ್ಲಿ ತಮ್ಮ ಶಿಷ್ಯರು ಎರಡು ವರ್ಷ ಅಭ್ಯಾಸ ಮಾಡಿದರು, ಕಾಗದದ ಖರ್ಚು ಉಳಿಯಿತು, ಲೆಕ್ಕ ಚುಕ್ತಾ ಎಂದರು. ಹಾಗೆ ಹೇಳಿ ನನ್ನ ಕಿರ್ದಿಯಲ್ಲಿ ತಾವೇ ಸಹಿ ಹಾಕಿದರು.

ಸ್ಟ್ಯಾನ್‌ಫರ್ಡಿನ ಪತ್ರಿಕೆಯ 1892ರ ಸಂಚಿಕೆಯನ್ನು ಸುಂಟಿಕೊಪ್ಪದಲ್ಲಿ ಕೂತು ಮೊಬೈಲಿನಲ್ಲಿ ಓದಬಹುದು. ಓದಿದೆ ಕೂಡ. ನಮ್ಮ ಪತ್ರಿಕೆ ಯಾವ ಗ್ರಂಥಾಲಯದಲ್ಲೂ ಇಲ್ಲ. ಕಾಲೇಜಿನ ಹೆಸರಿಲ್ಲದ್ದನ್ನು ಕಾಲೇಜು ಯಾಕೆ ಇಟ್ಟುಕೊಳ್ಳುತ್ತದೆ? ಈಗ ಚಿಕ್ಕ ಅಳುವಾರದಲ್ಲಿ ಕೊಡಗಿನದೇ ವಿಶ್ವವಿದ್ಯಾಲಯವಿದೆ. 2025ರಲ್ಲಿ ಸರ್ಕಾರದ ಉಪಸಮಿತಿ ಮುಚ್ಚಬಹುದೆಂದ ವಿಶ್ವವಿದ್ಯಾಲಯಗಳಲ್ಲಿ ಅದೂ ಒಂದಾಗಿತ್ತು, ಕಾರಣ ದುಡ್ಡು. ಅಲ್ಲಿನ ಹುಡುಗರು ಒಂದು ಪತ್ರಿಕೆ ನಡೆಸುತ್ತಿದ್ದರೆ ಒಳ್ಳೆಯ ಸಂಚಿಕೆಯಾಗುತ್ತಿತ್ತು. ನನ್ನ ಟ್ರಂಕಿನಲ್ಲಿ ನಮ್ಮವು ಹತ್ತು ಸಂಚಿಕೆಗಳಿವೆ. ಏಳನೆಯದು, ಬಸ್ಸಿನದು, ಇರಲಿಲ್ಲ. ಅದನ್ನು ಬಸ್ ನಿಲ್ದಾಣದಲ್ಲೇ ಮಾರಿದ್ದೆವು, ಒಂದೂ ಉಳಿದಿರಲಿಲ್ಲ.

ಅಣ್ಣನ ಮಗಳು ಬಿಡಲಿಲ್ಲ. ಜನವರಿಯಲ್ಲಿ ವಾಪಸು ಹೋಗುವ ಮೊದಲು ನನ್ನಿಂದ ಹತ್ತಾರು ಕಡೆ ಫೋನ್ ಮಾಡಿಸಿದಳು. ಕೊನೆಗೆ ಒಬ್ಬರ ಬಳಿ ಸಿಕ್ಕಿತು. ಆ ಇನ್‌ಸ್ಟಿಟ್ಯೂಟಿನಲ್ಲಿ ಟೈಪಿಂಗ್ ಕಲಿತು, ಸರ್ಕಾರಿ ಕೆಲಸ ಹಿಡಿದು, ಈಗ ನಿವೃತ್ತರಾಗಿ ಕುಶಾಲನಗರದಲ್ಲಿರುವ ಒಬ್ಬ ಮಹಿಳೆ. ಹೊಸ ಬೂಟು ಹಾಕಿಕೊಂಡು ಇಬ್ಬರೂ ಹೋದೆವು. ಒಂದು ಪ್ಲಾಸ್ಟಿಕ್ ಹೊದಿಕೆಯೊಳಗೆ ಹಾಳೆಯನ್ನು ಜೋಪಾನವಾಗಿ ಇಟ್ಟಿದ್ದರು. ನಾನು ಗೋಡೆಗೆ ಹಚ್ಚಲು ತಯಾರಾದವನ ಹಾಗೆ ಕೈ ಚಾಚಿದೆ. ಅವರು ಅದನ್ನು ತಿರುಗಿಸಿ ತೋರಿಸಿದರು. ಒಂದು ಬದಿಯಲ್ಲಿ ನಮ್ಮ ಬಸ್ಸಿನ ಲೇಖನ, ಮಸಿ ಹರಡಿ ಅರ್ಧ ಅಳಿಸಿದ್ದು. ಇನ್ನೊಂದು ಬದಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಎ ಎಸ್ ಡಿ ಎಫ್ ಜಿ ಎಫ್, ಎ ಎಸ್ ಡಿ ಎಫ್ ಜಿ ಎಫ್.

"ಒಂದೂ ತಪ್ಪಿಲ್ಲದೆ ನಾನು ಹೊಡೆದ ಮೊದಲ ಹಾಳೆ" ಎಂದರು. "ಹಿಂದೆ ಏನಿದೆ ಎಂದು ಇವತ್ತಿನವರೆಗೂ ನೋಡಿರಲಿಲ್ಲ."

ಹಾಳೆಯನ್ನು ಕೊಡಲು ಅವರು ಒಪ್ಪಲಿಲ್ಲ. ಎರಡೂ ಬದಿ ಜೆರಾಕ್ಸ್ ಮಾಡಿಸಿಕೊಂಡು ಬಂದೆ. ನಾಲ್ಕು ರೂಪಾಯಿ ಆಯಿತು.